ಕುಡಿಯುವ ಮಳೆನೀರಿಗೆ ಬೇರೆ ಸಂಪು ಇರಲಿ

ಕೋಲಾರದ ಸುತ್ತಮುತ್ತ ಮನೆಗಳಿಗೆ ಪ್ಲಂಬಿಂಗ್ ಮಾಡುವುದು, ಮಳೆನೀರಿನ ಸಂಪಿಗೆ ಪೈಪು ಎಳೆಯುವುದು ನನ್ನ ಕೆಲಸ. ಮನೆ ಕಟ್ಟಿಸುವವರು ಮೊದಲು ಹೇಳುವುದು ಇದನ್ನೇ: "ಇರೋ ಸಂಪಿಗೇ ತಾರಸಿ ಪೈಪು ಬಿಟ್ಬಿಡಣ್ಣ, ಇನ್ನೊಂದು ಯಾಕೆ ದಂಡ?"

ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಅಪರೂಪವಲ್ಲ. ಅಷ್ಟು ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಇಳಿದಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಂಥ ನೀರನ್ನು ಬೋರಿನ ನೀರಿಗೆ ಬೆರೆಸಿದರೆ ಬಂದ ಭಾಗ್ಯ ಕಳೆದುಕೊಂಡಂತೆ. ಇನ್ನೊಂದು ತೊಂದರೆಯೂ ಉಂಟು: ಬೋರೋ ಟ್ಯಾಂಕರೋ ತುಂಬಿಸಿಟ್ಟ ಸಂಪಿನಲ್ಲಿ ಮಳೆ ಬಂದ ದಿನ ಜಾಗವೇ ಇರುವುದಿಲ್ಲ.

ಮಾಲೂರು ಕಡೆಯ ಒಂದು ಮನೆಯಲ್ಲಿ ಯಜಮಾನರು "ಮಳೆನೀರು ಎಷ್ಟು ದಿನ ಬಂದೀತು?" ಎಂದು ಹಿಂದೆ ಸರಿದರು. ಪಕ್ಕದಲ್ಲಿ ಕೂತಿದ್ದ ಅವರ ತಾಯಿ, "ಕುಡಿಯೋಕೆ, ಅಡಿಗೆಗೆ ದಿನಕ್ಕೆ ಎರಡು ಬಿಂದಿಗೆ ಸಾಕು ಕಣಪ್ಪ" ಎಂದರು. ಎರಡು ಬಿಂದಿಗೆ ಎಂದರೆ ಹೆಚ್ಚೆಂದರೆ 30 ಲೀಟರು. 8,000 ಲೀಟರಿನ ಸಂಪು ಅವರಿಗೆ ಎಂಟೂವರೆ ತಿಂಗಳಿಗೂ ಹೆಚ್ಚು ಕಾಲ ಬರುತ್ತದೆ. 1,000 ಚದರಡಿ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರು. ಐದರಲ್ಲೊಂದು ಪಾಲು ಪೋಲಾದರೂ 110 ಮಿಲಿಮೀಟರ್ ಮಳೆಗೆ ಆ ಸಂಪು ತುಂಬುತ್ತದೆ. ಉತ್ತರೆ, ಹಸ್ತ, ಚಿತ್ತೆ ಕೈಕೊಡದಿದ್ದರೆ ಅಷ್ಟು ಮಳೆ ನಮ್ಮಲ್ಲೂ ಆಗುತ್ತದೆ. ಬಳಸಲು, ಬಟ್ಟೆ ಒಗೆಯಲು ಬೋರಿನ ನೀರಿದೆಯಲ್ಲ!

ಹೆಚ್ಚು ಎಚ್ಚರ ಬೇಕಾದ್ದು ಮೊದಲ ಮಳೆಯ ನೀರಿಗೆ. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ತೊಳೆದು ಬರುತ್ತದೆ. ಅದನ್ನು ತಡೆಯಲು ನಾಲ್ಕಿಂಚಿನ ಪೈಪಿನ ತುಂಡೊಂದನ್ನು ನಿಲ್ಲಿಸಿ ಕೆಳಗೆ ಕ್ಯಾಪ್ ಹಾಕಿ ಮುಗಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಪೈಪು ಮೀಟರಿಗೆ ಸುಮಾರು 8 ಲೀಟರು ಹಿಡಿಯುತ್ತದೆ, ಅಷ್ಟೆ. ಹತ್ತಡಿ ನಿಲ್ಲಿಸಿದರೂ 25 ಲೀಟರು. ಈ ಅಳತೆಯ ತಾರಸಿಗೆ ಕಡೇ ಪಕ್ಷ 100 ಲೀಟರಾದರೂ ಆಚೆ ಹೋಗಬೇಕು. ಅದಕ್ಕೇ ನಾನು 200 ಲೀಟರಿನ ಡ್ರಮ್ ಕೂರಿಸುತ್ತೇನೆ. ಅದು ತುಂಬಿದ ಮೇಲಷ್ಟೇ ನೀರು ಜಲ್ಲಿ, ಮರಳು, ಇದ್ದಿಲಿನ ಫಿಲ್ಟರಿಗೆ ತಿರುಗುತ್ತದೆ. ಮಳೆ ನಿಂತ ಮೇಲೆ ಡ್ರಮ್ಮಿನ ನಲ್ಲಿ ಬಿಟ್ಟು ಖಾಲಿ ಮಾಡಲು ಮರೆಯಬಾರದು. ಅಷ್ಟಾದರೂ ಕುಡಿಯುವ ಮುಂಚೆ ಕುದಿಸಿ, ಫಿಲ್ಟರು ಕ್ರಿಮಿಯನ್ನು ಪೂರ್ತಿ ತಡೆಯುವುದಿಲ್ಲ.

ತಾರಸಿಯ ವಾಟ ಪೈಪಿನ ಕಡೆಗೇ ಇರುವಂತೆ ಗಾರೆ ಮೇಸ್ತ್ರಿಗೆ ಮೊದಲೇ ಹೇಳಿಡಿ. ಸಂಪಿನೊಳಗೆ ಬೆಳಕು ಬೀಳದಂತೆ ಮುಚ್ಚಳ ಭದ್ರವಾಗಿರಲಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ತುಂಬಿ ಹೊರಗೆ ಬೀಳುವ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸಿ, ಆ ಪೈಪಿನ ಬಾಯಿಗೆ ಸೊಳ್ಳೆ ಹೋಗದಂತೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.