ಗಾಯರಾಣದ ಕೆಮ್ಮಣ್ಣಿಗೆ ಹೆಸರು ಹುಡುಕುತ್ತ: ಒಂದು ಗುಂಡಿಯ ದಿನಚರಿ

ಮೇ 18

ಅಮೆರಿಕದ ಮಣ್ಣು ವರ್ಗೀಕರಣದಲ್ಲಿ ಈ ಕೆಮ್ಮಣ್ಣಿಗೆ ಯಾವ ಹೆಸರು ಸಲ್ಲುತ್ತದೆ ಎಂದು ತಿಳಿಯಲು ಕೊನೆಗೂ ಗುಂಡಿ ತೋಡಿದೆವು. ಬೀದರ್‌ನಿಂದ ಹುಮನಾಬಾದ್ ಕಡೆಗೆ ಹೋಗುವಾಗ ಹೊಲಗಳು ಮುಗಿದು ಗಾಯರಾಣ, ಅಂದರೆ ಊರಿನ ಗೋಮಾಳ, ಶುರುವಾಗುವ ದಿಣ್ಣೆಯ ಮೇಲೆ. ಪಂಚಾಯಿತಿಯ ಒಪ್ಪಿಗೆ ಪಡೆಯಲು ಒಂದು ವಾರ ಹಿಡಿಯಿತು, ತೋಡಲು ಒಂದು ಬೆಳಗ್ಗೆ ಸಾಕಾಯಿತು. ಉದ್ದ, ಅಗಲ ಒಂದೊಂದು ಮೀಟರ್. ಮೊದಲ ಅರ್ಧ ಗೇಣು ಗುದ್ದಲಿಗೆ ಬಗ್ಗಿತು. ಆಮೇಲೆ ತಮ್ಮ ಹಾರೆ ಹಿಡಿದ. 72 ಸೆಂಟಿಮೀಟರಿಗೆ ಹಾರೆ ಠಣ್ಣೆಂದು ನಿಂತಿತು. ಕೆಳಗೆ ಜಂಬಿಟ್ಟಿಗೆ. ಬೀದರ್ ಕೋಟೆಯ ಕಂದಕವನ್ನು ಕಡಿದಿರುವುದು ಇದೇ ಕಲ್ಲಿನಲ್ಲಿ.

ಮೇಲೆ ಒಣಗಿದ ಹುಲ್ಲು, ಅಲ್ಲಲ್ಲಿ ತಂಗಡಿ, ಬಂದರಿಕೆ, ಯಾರೂ ನೆಡದೆ ಬೆಳೆದ ಸೀತಾಫಲದ ಪೊದೆಗಳು. ಕುರಿ ಮೇಯಿಸಲು ಬಂದ ಕಾಕಾ ಗುಂಡಿಯ ಅಂಚಿನಲ್ಲಿ ಕುಳಿತು, "ಇಲ್ಲಿ ಏನು ಹುಡುಕುತ್ತೀ ಅವ್ವಾ? ಈ ನೆಲದಲ್ಲಿ ನೀರೇ ನಿಲ್ಲುವುದಿಲ್ಲ" ಎಂದರು. ನಾನು ಹುಡುಕುತ್ತಿರುವುದೇ ಅದನ್ನು ಎಂದೆ. ಅವರು ನಗಲಿಲ್ಲ. ಸಂಜೆ ತಮ್ಮನೊಂದಿಗೆ ಜಾಲಿಯ ಮುಳ್ಳು ಕಡಿದು ತಂದು, ಕುರಿ ಬೀಳದಂತೆ ಗುಂಡಿಯ ಸುತ್ತ ಬೇಲಿ ಹಾಕಿಕೊಟ್ಟರು.

ಮೇ 20

ಚಾಕುವಿನಿಂದ ಗೋಡೆಯನ್ನು ಹೆರೆದು ಪದರಗಳನ್ನು ಗುರುತಿಸಿದೆ. 0–14 ಸೆಂ.ಮೀ.: ಕಂದುಗೆಂಪು, ಬೇರುಗಳು ದಟ್ಟ, ಗರಸು ಐದನೇ ಒಂದು ಪಾಲು. 14–38: ಇನ್ನಷ್ಟು ಕೆಂಪು, ಹೆಂಟೆಗಳಿಗೆ ಮೂಲೆಗಳಿವೆ, ಗರಸು ಹೆಚ್ಚು. 38–72: ಹೆಚ್ಚುಕಡಿಮೆ ಅರ್ಧಕ್ಕರ್ಧ ಗರಸು, ಬಟಾಣಿ ಗಾತ್ರದ ಕಬ್ಬಿಣದ ಗುಂಡುಕಲ್ಲುಗಳು. ಅದರ ಕೆಳಗೆ ಗಟ್ಟಿ ಕಲ್ಲು.

ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದರೆ ಎಲ್ಲಿಯೂ ನೊರೆ ಬರಲಿಲ್ಲ, ಅಂದರೆ ಸುಣ್ಣವಿಲ್ಲ. ದಿಣ್ಣೆ ಇಳಿದು ತೊಗರಿ ಹೊಲದ ಎರೆಯಿಂದ ತಂದ ಸುಣ್ಣಕಲ್ಲಿನ ಚೂರು ಮಾತ್ರ ಅದೇ ಹನಿಗೆ ಜುಮ್ಮೆಂದು ಉಕ್ಕಿತು. ಎರಡು ಮಣ್ಣಿಗೂ ತಾಯಿ ಒಂದೇ, ದಖ್ಖನಿನ ಕಪ್ಪು ಬಸಾಲ್ಟ್. ಮೇಲಿನ ಬಯಲಿನಲ್ಲಿ ಲಕ್ಷಾಂತರ ವರ್ಷಗಳ ಮಳೆ ಸುಣ್ಣ, ಸಿಲಿಕಾಗಳನ್ನು ತೊಳೆದು ಒಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿತು. ಕೆಳಗಿನ ತಗ್ಗಿನಲ್ಲಿ ತೊಳೆದು ಬಂದದ್ದು ನಿಂತಿತು. ಒಂದು ಕಿಲೋಮೀಟರಿನ ಇಳಿಜಾರಿನಲ್ಲಿ ಎರಡು ಲೋಕ.

ಮೇ 27

ಬಾಟಲಿ ಪರೀಕ್ಷೆ. 2 ಮಿಲಿಮೀಟರ್ ಜರಡಿಯಲ್ಲಿ ಗರಸು ತೆಗೆದು, ಉಳಿದ ಮಣ್ಣನ್ನು ನೀರಿನಲ್ಲಿ ಕುಲುಕಿ ಇಟ್ಟೆ. ಮರಳು ನಿಮಿಷದೊಳಗೆ ಕುಳಿತುಕೊಳ್ಳುತ್ತದೆ, ರೇವೆ ಗಂಟೆಗಳಲ್ಲಿ, ಜೇಡಿ ದಿನಗಟ್ಟಲೆ ತೇಲುತ್ತದೆ. ಮೇಲಿನ ಪದರದಲ್ಲಿ ಜೇಡಿ ಶೇ 22, ನಡುವಿನದರಲ್ಲಿ ಶೇ 24. ಬಹುತೇಕ ಒಂದೇ. ಹಾಗಾದರೆ ಜೇಡಿ ಕೆಳಗಿಳಿದು ಸೇರಿಕೊಂಡ ಪದರ ಇಲ್ಲಿಲ್ಲ, ಇದು ಇನ್ನೂ ಎಳೆಯ ಮಣ್ಣು, ಇನ್ಸೆಪ್ಟಿಸಾಲ್ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ರಾತ್ರಿ ಅದು ಕೊರೆಯತೊಡಗಿತು. ಇಷ್ಟು ಕೆಂಪಾದ, ಇಷ್ಟು ತೊಳೆದುಹೋದ ಮಣ್ಣು ಎಳೆಯದು ಹೇಗಾದೀತು?

ಜೂನ್ 2

ತಪ್ಪು ನನ್ನದೇ. ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಜೇಡಿಯ ಕಣಗಳನ್ನು ಅಂಟಿನಂತೆ ಹಿಡಿದು ಮರಳಿನ ಗಾತ್ರದ ಉಂಡೆಗಳನ್ನು ಮಾಡಿರುತ್ತದೆ. ಬರೀ ನೀರಿನಲ್ಲಿ ಕುಲುಕಿದರೆ ಆ ಉಂಡೆಗಳು ಒಡೆಯುವುದಿಲ್ಲ. ಜೇಡಿ ಮರಳಿನ ವೇಷದಲ್ಲಿ ತಳಕ್ಕೆ ಕುಳಿತುಬಿಡುತ್ತದೆ. ಬೆರಳಿನಲ್ಲಿ ಹೊಸೆದಾಗಲೂ ಇದೇ ಮೋಸ. ಒಂದು ನಿಮಿಷ ನಾದಿದರೆ ಮರಳು ಮರಳು; ಐದಾರು ನಿಮಿಷ ಒದ್ದೆ ಮಾಡುತ್ತ ನಾದುತ್ತಿದ್ದರೆ ಮೆಲ್ಲಗೆ ಅಂಟಾಗುತ್ತದೆ. ನಡುಪದರದ ಮಣ್ಣು ಹೀಗೆ ನಾದಿದ ಮೇಲೆ ಹೆಬ್ಬೆರಳಿನಿಂದ 5 ಸೆಂಟಿಮೀಟರಿಗೂ ಉದ್ದದ ಪಟ್ಟಿಯಾಗಿ ಹೊರಬಂತು.

ಬಟ್ಟೆ ಸೋಡಾ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಹಳ ಹೊತ್ತು ಕುಲುಕಿ, ಮತ್ತೆ ಇಟ್ಟೆ. ಈ ಸಲ ಮೇಲೆ ಶೇ 28, ನಡುವೆ ಶೇ 41, ಕೆಳಗೆ ಶೇ 44. ಮೇಲಿನ ಪದರದ ಜೇಡಿ ಶೇ 15ರಿಂದ 40ರ ನಡುವೆ ಇದ್ದರೆ, ಕೆಳಗಿನದನ್ನು ಜೇಡಿ ಸೇರಿದ ಪದರ ಎನ್ನಲು ಅದರಲ್ಲಿ ಮೇಲಿನದರ 1.2 ಪಟ್ಟಾದರೂ ಜೇಡಿ ಇರಬೇಕೆಂಬುದು ನಿಯಮ. ಇಲ್ಲಿ 33.6 ಸಾಕಿತ್ತು. ದಾಟಿತು.

ಆದರೆ ಲೆಕ್ಕವೊಂದೇ ಸಾಲದು. ಜೇಡಿ ಮೇಲಿನಿಂದ ಇಳಿದು ಬಂದಿದೆ ಎಂಬ ಗುರುತು ಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಹೆಂಟೆಯ ಮೈಯನ್ನೂ ಗರಸಿನ ಕಲ್ಲುಗಳನ್ನೂ ನೋಡಿದೆ. ಮೇಣ ಸವರಿದಂತೆ ತೆಳುವಾದ, ಹೊಳೆಯುವ ಕೆಂಪು ಪೊರೆ. ಮಳೆನೀರು ಬಿರುಕುಗಳಲ್ಲಿ ಇಳಿಯುತ್ತ ಹೊತ್ತು ತಂದ ಜೇಡಿಯನ್ನು ಅಲ್ಲಿ ಬಳಿದು ಹೋಗಿದೆ. ಎಷ್ಟು ಮುಂಗಾರುಗಳ ಬಳಿತವೋ! ಆ ಪೊರೆಯನ್ನು ನೋಡುತ್ತ ಬಿಸಿಲಿನಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಇನ್ಸೆಪ್ಟಿಸಾಲ್ ಎಂದು ಬರೆದದ್ದನ್ನು ಹೊಡೆದು ಆಲ್ಫಿಸಾಲ್, ಜೇಡಿ ಇಳಿದು ಸೇರಿದ ಮಣ್ಣು, ಎಂದು ಬರೆದೆ. ಪಿಎಚ್ 6.2 ಇರುವುದರಿಂದ ಪ್ರತ್ಯಾಮ್ಲಗಳು ಪೂರ್ತಿ ತೊಳೆದುಹೋಗಿಲ್ಲ, ಅವು ಹೆಚ್ಚು ತೊಳೆದುಹೋದ ಅಲ್ಟಿಸಾಲ್ ಆಗುವ ಸಂಭವ ಕಡಿಮೆ. ಮಳೆ ನಾಲ್ಕು ತಿಂಗಳು, ಉಳಿದಂತೆ ಬಹುಪಾಲು ಒಣಗು. ಹೀಗಾಗಿ ಉಪವರ್ಗ ಉಸ್ಟಾಲ್ಫ್.

ಜೂನ್ 27

ರಾತ್ರಿ ಜೋರು ಮಳೆ. ಬೆಳಗ್ಗೆ ಆರೂವರೆಗೆ ಗುಂಡಿಯಲ್ಲಿ ನಾಲ್ಕು ಬೆರಳು ನೀರು, ಮಧ್ಯಾಹ್ನಕ್ಕೆ ಬರೀ ಕೆಸರು, ಮರುದಿನ ಅದೂ ಇಲ್ಲ. ಗೋಡೆಯ ಮೇಲೆಲ್ಲೂ ಬೂದು ಮಚ್ಚೆಗಳಿಲ್ಲ. ನೀರು ನಿಲ್ಲುವ ನೆಲವಾಗಿದ್ದರೆ ಗಾಳಿಯಿಲ್ಲದೆ ಕಬ್ಬಿಣ ತನ್ನ ಕೆಂಪನ್ನು ಕಳೆದುಕೊಳ್ಳುತ್ತಿತ್ತು. ಇಲ್ಲಿನ ಕೆಂಪೇ ಬಸಿಯುವಿಕೆಯ ಸಾಕ್ಷಿ.

30 ಸೆಂಟಿಮೀಟರ್ ಅಗಲದ ಕಬ್ಬಿಣದ ಬಳೆ ನೆಲಕ್ಕಿಳಿಸಿ ನೀರು ಇಂಗುವ ವೇಗವನ್ನೂ ಅಳೆದೆ. ಕುರಿಗಳು ದಿನವೂ ನಡೆಯುವ ದಾರಿಯಲ್ಲಿ ಗಂಟೆಗೆ 14 ಮಿ.ಮೀ., ಸೀತಾಫಲದ ಪೊದೆಯ ಬುಡದಲ್ಲಿ 62. ನಡುವೆ ಇರುವುದು ಆರು ಹೆಜ್ಜೆ. ಒಂದೇ ಮಣ್ಣು, ಮೇಲಿನ ಎರಡು ಬೆರಳಿನಷ್ಟು ಮಾತ್ರ ಬೇರೆ.

ಕಾಕಾ ಹೇಳಿದ್ದು ನಿಜ, ನೀರು ಇಲ್ಲಿ ನಿಲ್ಲುವುದಿಲ್ಲ. ಆದರೆ ಅದು ವ್ಯರ್ಥವಾಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೂತು ತೂತಾದ ಜಂಬಿಟ್ಟಿಗೆಯೊಳಗೆ ಇಳಿದ ನೀರು ಅಡಿಯ ಬಸಾಲ್ಟಿಗೆ ತಾಗಿ ಅಡ್ಡಕ್ಕೆ ಹರಿಯುತ್ತದೆ. ಆ ಸಂದು ಬಯಲಿನ ಅಂಚಿನಲ್ಲಿ ತೆರೆದುಕೊಂಡಲ್ಲಿ ಝರಿ. ಬಹಮನಿ ಕಾಲದವರು ಬೀದರ್ ಪಕ್ಕದ ನೌಬಾದಿನಲ್ಲಿ ಸುರಂಗ ಬಾವಿ ಕೊರೆದದ್ದು ಇದೇ ಸಂದಿನ ಜಾಡು ಹಿಡಿದು. ಈ ಬಯಲನ್ನು ಬಂಜರು ಎಂದು ದಾಖಲೆಯಲ್ಲಿ ಬರೆಯುವ ಕೈಗಳಿಗೆ ಈ ಗುಂಡಿಯನ್ನೊಮ್ಮೆ ತೋರಿಸಬೇಕು ಎನಿಸುತ್ತದೆ.

ಜುಲೈ 9

ಬಣ್ಣ. ಮನ್ಸೆಲ್ ಬಣ್ಣದ ಪಟ್ಟಿಯನ್ನು ಎರವಲು ತಂದಿದ್ದೆ. ಮೇ ತಿಂಗಳಲ್ಲಿ ಸಂಜೆ ಐದೂವರೆಗೆ ನೋಡಿದಾಗ ನಡುಪದರ ಒದ್ದೆಯಲ್ಲಿ 2.5 ವೈಆರ್ 3/4, ಕೆಳಪದರ 2.5 ವೈಆರ್ 3/6 ಎಂದು ಬರೆದಿದ್ದೆ. ಓರೆಗೆರೆಯ ಮೊದಲಿನದು ಬೆಳಕಿನ ಅಂಕ, ಅದು ಹೆಚ್ಚಿದಷ್ಟೂ ಬಣ್ಣ ತಿಳಿ; ಎರಡರಲ್ಲೂ ಅದು ಮೂರು. ಒಣಮಣ್ಣಿನಲ್ಲಿ ಅಂಕ ಒಂದಕ್ಕಿಂತ ಹೆಚ್ಚು ಏರದಿದ್ದರೆ ಅದು ರೋಡುಸ್ಟಾಲ್ಫ್, ಕಡುಗೆಂಪಿನ ಗುಂಪು. ಆ ಹೆಸರಿನ ಮೇಲೆ ನನಗೆ ಆಸೆಯಿತ್ತು.

ಇವತ್ತು ಮೋಡ ಸರಿದ ನಡುಮಧ್ಯಾಹ್ನ ಮತ್ತೆ ನೋಡಿದೆ. ನಡುಪದರ ಹಾಗೆಯೇ ಇತ್ತು. ಕೆಳಪದರ ಮಾತ್ರ 4/6ಕ್ಕೆ ಸರಿಯಾಗಿ ಕೂತಿತು. ತಮ್ಮನನ್ನು ಕರೆದು, ನನ್ನ ಅಂಕ ಹೇಳದೆ ತೋರಿಸಿದೆ. ಅವನೂ ಅದೇ ಚೌಕ ಮುಟ್ಟಿದ. ಇಳಿಬಿಸಿಲಿನ ಬೆಳಕು ಮಣ್ಣಿಗೆ ಇಲ್ಲದ ಕಡುಗೆಂಪು ಕೊಟ್ಟಿತ್ತು. ಜೇಡಿ ಸೇರಿದ ಎಲ್ಲ ಪದರಗಳೂ ಮೂರು ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂಬುದು ನಿಯಮ. ಆದ್ದರಿಂದ ಸದ್ಯಕ್ಕೆ ಅದೇ ಉಪವರ್ಗದ ಸಾದಾ ಗುಂಪು, ಹ್ಯಾಪ್ಲುಸ್ಟಾಲ್ಫ್.

ಕೆಳಪದರದ ಹೆಂಟೆಗಳನ್ನು ರಾತ್ರಿ ನೀರಿನಲ್ಲಿ ಇಟ್ಟು ನೋಡಿದೆ. ಬೆಳಗ್ಗೆ ಕರಗಿ ಕುಸಿದಿದ್ದವು. ಗುಂಡುಕಲ್ಲುಗಳು ಎಂದೋ ಗಟ್ಟಿಯಾದವು. ಇನ್ನೂ ಗಟ್ಟಿಯಾಗುತ್ತಿರುವ ಕಬ್ಬಿಣದ ಮಣ್ಣು, ಅಂದರೆ ಪ್ಲಿಂಥೈಟ್, ಇಲ್ಲಿ ಕಾಣಲಿಲ್ಲ.

ಆಗಸ್ಟ್ 3

ಒಂದು ಬಾಗಿಲು ಇನ್ನೂ ತೆರೆದಿದೆ. ಈ ಜೇಡಿ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಪ್ರತಿ ಕಿಲೋಗ್ರಾಂ ಜೇಡಿಗೆ 16 ಸೆಂಟಿಮೋಲ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೆಸರು ಕಾನ್ಹ್ಯಾಪ್ಲುಸ್ಟಾಲ್ಫ್ ಆಗಬಹುದು. ಜಂಬಿಟ್ಟಿಗೆ ಮಣ್ಣಿನಲ್ಲಿ ಪೋಷಕಾಂಶಗಳನ್ನು ಕಡಿಮೆ ಹಿಡಿಯುವ ಕೇವೊಲಿನೈಟ್ ಜೇಡಿಯೇ ಹೆಚ್ಚಾಗಿರುವುದರಿಂದ ನನ್ನ ಊಹೆ ಆ ಕಡೆಗೇ ವಾಲುತ್ತದೆ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಇದು ಸೇರಿಲ್ಲ. ಆದ್ದರಿಂದ ಮೂರು ಪದರಗಳಿಂದ ಒಂದೊಂದು ಕಿಲೋ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಚೀಲಕ್ಕೆ ಆಳ ಬರೆದು, ದುಡ್ಡು ಕೊಟ್ಟು ಮಾಡಿಸುವ ಪ್ರಯೋಗಾಲಯಕ್ಕೆ ಕಳುಹಿಸಿದೆ.

ನಿನ್ನೆ ಗುಂಡಿ ಮುಚ್ಚಿದೆವು. ಮೂರು ಪದರಗಳ ಮಣ್ಣನ್ನು ಬೇರೆ ಬೇರೆ ಗುಡ್ಡೆ ಹಾಕಿದ್ದರಿಂದ, ತೆಗೆದ ಕ್ರಮಕ್ಕೆ ತಿರುಗಿಸಿ ತುಂಬಲು ಸಾಧ್ಯವಾಯಿತು. ಬೇರು ತುಂಬಿದ ಮಣ್ಣು ಕೊನೆಗೆ ಮೇಲೆ ಬಂತು. ಕಾಕಾ ಕಾಲಿನಿಂದ ಒತ್ತಲು ಹೋದಾಗ ಬೇಡವೆಂದು ತಡೆದೆ. ಮುಳ್ಳಿನ ಬೇಲಿಯನ್ನು ದೀಪಾವಳಿಯವರೆಗೆ ಹಾಗೇ ಬಿಡಲು ಅವರು ಒಪ್ಪಿದ್ದಾರೆ. ಎರಡನೇ ಗುಂಡಿ ದಿಣ್ಣೆಯ ಬುಡದಲ್ಲಿ, ಕೆಂಪು ಮುಗಿದು ಎರೆ ಶುರುವಾಗುವ ಗೆರೆಯ ಮೇಲೆ. ಹೊಲದ ಒಡೆಯರು ತೊಗರಿ ಕೊಯ್ಲಾದ ಮೇಲೆ ಬಾ ಎಂದಿದ್ದಾರೆ.