‘ಎರಡೂ 3200ರದ್ದೇ’

ಮಂಗಳವಾರ ರಾತ್ರಿಯಿಂದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. "ಎರಡೂ 3200ರದ್ದೇ ಮೇಡಂ, ಕಣ್ಣು ಮುಚ್ಕೊಂಡು ಹಾಕಿ."

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಪಕ್ಕದ ಮನೆಯ ಹುಡುಗಿಗೆ ಸಿಕ್ಕ ಉತ್ತರ ಅದು. 3200 ಅಂದರೆ ಕಂಪ್ಯೂಟರಿನ ಮೆಮೊರಿಯ ವೇಗದ ಅಂಕಿ. ಆರ್ಕಿಟೆಕ್ಚರ್ ಓದುತ್ತಾಳೆ, ಮುಂದಿನ ವಾರ ಸಬ್ಮಿಷನ್. ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಒಂದೇ ಒಂದು 8 ಜಿಬಿ ಡಿಡಿಆರ್4 ಪೀಳಿಗೆಯ ರ‍್ಯಾಮ್, ಅಂದರೆ ಮೆಮೊರಿ ಸ್ಟಿಕ್. ವಿನ್ಯಾಸವನ್ನು ಚಿತ್ರವಾಗಿ ಮೂಡಿಸುವ ರೆಂಡರಿಂಗಿಗೆ ಅದು ಸಾಲುತ್ತಿರಲಿಲ್ಲ, ಇನ್ನೊಂದು 8 ಜಿಬಿ ತರಲು ಹೋದಳು. ಹಳೆಯದರ ಫೋಟೊ ಮೊಬೈಲಿನಲ್ಲಿ ತೋರಿಸಿ "ಇದಕ್ಕೆ ಅದು ಹೊಂದತ್ತಾ?" ಎಂದು ಕೇಳಿಯೂ ಇದ್ದಳು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಆ ಫೋಟೊ ಮೇಲೆ ಅರ್ಧ ನಿಮಿಷ ಕಣ್ಣಾಡಿಸಿದ್ದರೆ ಸಾಕಿತ್ತು.

ಮೊದಲ ದಿನ ಎಲ್ಲ ಸರಿ. ಎರಡನೇ ದಿನದಿಂದ ರೆಂಡರ್ ಅರ್ಧಕ್ಕೆ ನಿಲ್ಲತೊಡಗಿತು. ಬ್ರೌಸರ್ ಟ್ಯಾಬುಗಳು ತಾವಾಗಿಯೇ ಮುಚ್ಚಿಕೊಂಡವು, ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ನೀಲಿ ಪರದೆ ಬಂತು. ಕೊನೆಗೆ ಸೇವ್ ಮಾಡಿಟ್ಟ ಜಿಪ್ ಫೈಲೇ ತೆರೆಯಲಿಲ್ಲ. ಅವಳ ಚಿಕ್ಕಪ್ಪ ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಸಿದರಂತೆ. ಒಳ್ಳೆಯ ಮನುಷ್ಯ, ಆದರೆ ಯಾವ ತೊಂದರೆಗೂ ಅವರ ಬಳಿ ಅದೊಂದೇ ಮದ್ದು. ಮೆಮೊರಿ ತಪ್ಪು ಓದುತ್ತಿರುವಾಗ ಈ ಮದ್ದು ಅಪಾಯಕಾರಿ. ಡಿಸ್ಕಿಗೆ ಹೋಗುವ ಪ್ರತಿ ಫೈಲೂ ಅದೇ ಮೆಮೊರಿಯನ್ನು ಹಾದು ಹೋಗಬೇಕು, ಹಾಗಾಗಿ ಹೊಸ ವಿಂಡೋಸ್ ಕೂಡ ಕೆಟ್ಟೇ ಕೂರಬಹುದು.

ಕ್ಯಾಬಿನೆಟ್ ಬಿಚ್ಚಿ ಎರಡೂ ಸ್ಟಿಕ್‌ಗಳನ್ನು ಟ್ಯೂಬ್‌ಲೈಟಿನ ಕೆಳಗೆ ಪಕ್ಕಪಕ್ಕ ಇಟ್ಟೆವು. ಹಳೆಯದರ ಲೇಬಲ್ ಮೇಲೆ 3200, 16-18-18-38, 1.35 ವೋಲ್ಟ್. ಹೊಸದರ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ 1ಆರ್x8, ಪಿಸಿ4-3200ಎಎ, 1.2 ವೋಲ್ಟ್. ಅವಳು ಎರಡನ್ನೂ ನೋಡಿ ನೋಡಿ "ಎರಡೂ 3200ರದ್ದೇ ಅಲ್ವಾ?" ಅಂದಳು. ಅಂಗಡಿಯ ಮಾತೇ ಅವಳ ಬಾಯಲ್ಲಿ ಮತ್ತೆ ಬಂತು.

3200 ನಿಜವೇ. ಅಂಗಡಿಯ ಹುಡುಗ ಸುಳ್ಳು ಹೇಳಿಲ್ಲ. ಆದರೆ ರೋಗಿಗೆ ಏರಿಸುವ ರಕ್ತ ‘ಓ ಗುಂಪು’ ಎಂದಷ್ಟೇ ಹೇಳಿದರೆ ಯಾವ ನರ್ಸೂ ಸೂಜಿ ಚುಚ್ಚುವುದಿಲ್ಲ, ಪಾಸಿಟಿವೋ ನೆಗೆಟಿವೋ ಎಂದು ಕೇಳುತ್ತಾರೆ. ಆ ಎರಡನೇ ಪ್ರಶ್ನೆ ಇಲ್ಲಿ ಬಿಟ್ಟುಹೋಯಿತು. ಪಿಸಿ4-3200ಎಎ ಅಂದರೆ ಮೆಮೊರಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಲೆಕ್ಕದ 22-22-22. ಹಳೆಯದು 16-18-18.

ಟೈಮಿಂಗ್ ಎಂದು ಕರೆಯುವ ಈ ಅಂಕಿಗಳನ್ನು ಅವಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಲೆಕ್ಕದಲ್ಲಿ ಹೇಳಿದೆ. ಮೆಮೊರಿ ಚಿಪ್ಪಿನೊಳಗಿನ ಸಾಲುಗಳು ಬೀರುಗಳಿದ್ದಂತೆ. ಬೀರು ತೆರೆಯಲು ಹಿಡಿಯುವ ಹೊತ್ತು ಎರಡನೇ ಅಂಕಿ, ಟಿಆರ್‌ಸಿಡಿ. ತೆರೆದ ಬೀರುವಿನಿಂದ ಕಡತ ಕೈಗೆ ಬರುವ ಹೊತ್ತು ಮೊದಲನೆಯದು, ಸಿಎಲ್. ಇನ್ನೊಂದನ್ನು ತೆರೆಯುವ ಮುಂಚೆ ಇದನ್ನು ಮುಚ್ಚುವ ಹೊತ್ತು ಮೂರನೆಯದು, ಟಿಆರ್‌ಪಿ. ಒಮ್ಮೆ ತೆರೆದ ಬೀರು ಕನಿಷ್ಠ ಎಷ್ಟು ಹೊತ್ತು ತೆರೆದೇ ಇರಬೇಕು ಅನ್ನುವುದು ನಾಲ್ಕನೆಯದು, ಟಿಆರ್‌ಎಎಸ್. ಗುಮಾಸ್ತ 22 ಎಣಿಸುವಷ್ಟರಲ್ಲಿ ಕಡತ ತರಬಲ್ಲವನು. ಅವನಿಗೆ 16 ಎಣಿಸುವಷ್ಟರಲ್ಲಿ ಕೈ ಚಾಚಿದರೆ ಕೆಲವೊಮ್ಮೆ ಸರಿಯಾದ ಹಾಳೆ, ಕೆಲವೊಮ್ಮೆ ಬೇರೆ ಹಾಳೆ.

ಇಲ್ಲಿ ಆದದ್ದು ಅದೇ. ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ಎಕ್ಸ್‌ಎಂಪಿ, ಅಂದರೆ ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಪ್ರೊಫೈಲ್, ಮೊದಲಿನಿಂದಲೂ ಆನ್ ಇತ್ತು. ಬೋರ್ಡು ಹಳೆಯ ಸ್ಟಿಕ್ಕಿನ ಪ್ರೊಫೈಲನ್ನೇ ಹೊಸದಕ್ಕೂ ಹೇರಿತು. ಕಂಪ್ಯೂಟರ್ ಶುರುವೇ ಆಗದಿದ್ದರೆ ಚೆನ್ನಾಗಿತ್ತು. ಎಷ್ಟೋ ಬೋರ್ಡುಗಳು ಇಂಥ ಜೋಡಿ ಕಂಡರೆ ಎರಡು ಮೂರು ಸಲ ತಡವರಿಸಿ, ತಾವಾಗಿಯೇ ಕಡಿಮೆ ವೇಗಕ್ಕೆ ಇಳಿಯುತ್ತವೆ. ಇದು ಅಂಚಿನಲ್ಲಿ ನಿಂತುಬಿಟ್ಟಿತು. ಶುರುವಾಗುತ್ತೆ, ಕೆಲಸ ಮಾಡುತ್ತೆ, ನಡುವೆ ಎಲ್ಲೋ ಒಂದು ಬಿಟ್ ತಿರುಗಿಬಿಡುತ್ತೆ. ಮೆಮೊರಿ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಓಡಿಸಿದರೆ ಮೊದಲ ಸುತ್ತು ಮುಗಿಯುವ ಮುಂಚೆಯೇ ಕೆಂಪು ಸಾಲುಗಳು. ಎರಡು ರಾತ್ರಿಯ ಕೆಲಸ ಹೋಗಿದ್ದು ಎಲ್ಲಿಗೆ ಅಂತ ಅವಳಿಗೆ ಆಗ ಕಣ್ಣಿಗೆ ಕಂಡಿತು. ಅವಳ ಮುಖ ನೋಡಲಾಗಲಿಲ್ಲ.

ಸರಿಪಡಿಸಲು ಖರ್ಚು ಬರಲಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿದೆವು, ಬೋರ್ಡು ಎರಡಕ್ಕೂ ಒಪ್ಪುವ 2666ಕ್ಕೆ ಇಳಿಯಿತು, ಪರೀಕ್ಷೆಯಲ್ಲಿ ತಪ್ಪು ಬರುವುದು ನಿಂತಿತು. ಆಮೇಲೆ ಕೈಯಾರೆ 3200, 22-22-22-52, 1.35 ವೋಲ್ಟ್ ಕೊಟ್ಟು ಉಳಿದದ್ದನ್ನೆಲ್ಲ ಆಟೋದಲ್ಲಿ ಬಿಟ್ಟೆವು. ಹೊಸ ಸ್ಟಿಕ್ ಸ್ಲಾಟಿನಲ್ಲೂ ತಪ್ಪು ಕೂತಿತ್ತು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಹಾಕುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಸಾಮಾನ್ಯವಾಗಿ 2 ಮತ್ತು 4ನೆಯದು. ಅವಳದು 3 ಮತ್ತು 4ರಲ್ಲಿತ್ತು, ಅಂದರೆ ಎರಡೂ ಒಂದೇ ಚಾನೆಲ್‌ನಲ್ಲಿ, ಪ್ರೊಸೆಸರಿಗೆ ಹೋಗುವ ಒಂದೇ ದಾರಿಯಲ್ಲಿ. 2 ಮತ್ತು 4ಕ್ಕೆ ಬದಲಿಸಿದೆವು.

"ನಿಧಾನ ಆಗಲ್ವಾ?" ಅಂದಳು. ಲೆಕ್ಕ ಸುಲಭ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 3200ಕ್ಕೆ ಸಿಎಲ್ 16 ಇದ್ದರೆ 10, ಸಿಎಲ್ 22 ಇದ್ದರೆ 13.75. ಅಷ್ಟು ಕಳೆದುಕೊಂಡೆವು ನಿಜ. ಆದರೆ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಸೇರಿ 51.2. ರೆಂಡರಿಂಗಿಗೆ, ಅದಕ್ಕಿಂತ ಮುಖ್ಯವಾಗಿ 16 ಜಿಬಿ ಜಾಗಕ್ಕೆ, ಈ ವ್ಯಾಪಾರ ಲಾಭದ್ದೇ. ಇದೇ ಲೆಕ್ಕ ಗೊತ್ತಿಲ್ಲದೆ ಡಿಡಿಆರ್5-6000ರ ಸಿಎಲ್ 30 ನೋಡಿ ಹೆದರುವವರಿದ್ದಾರೆ. ಅದೂ 10 ನ್ಯಾನೊಸೆಕೆಂಡೇ. ಕಂಪ್ಯೂಟರಿನ ಒಳವಿವರ ತೋರಿಸುವ ಸಿಪಿಯು-ಝಡ್‌ ತಂತ್ರಾಂಶದಲ್ಲಿ 1600 ಮೆಗಾಹರ್ಟ್ಸ್ ಅಂತ ಕಂಡು ಮೋಸ ಹೋದೆವು ಅಂದುಕೊಳ್ಳುವವರೂ ಇದ್ದಾರೆ. ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ಹೋಗುತ್ತದೆ, 1600 ಅಂದರೆ 3200ರದ್ದೇ.

ಹುಡುಗನ ಮೇಲೆ ನನಗೆ ಕೋಪವಿಲ್ಲ. ನಿಂತ ಕಾಲಲ್ಲಿ ದಿನವಿಡೀ ಗಿರಾಕಿ ನೋಡುವವನಿಗೆ ಯಾರಾದರೂ ಈ ಸಾಲು ಓದುವುದನ್ನು ಹೇಳಿಕೊಟ್ಟಿರಬೇಕಲ್ಲ? ಕೋಪ ಮಾಲೀಕನ ಮೇಲೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಕೊಟ್ಟರೆ ಎರಡಕ್ಕೂ 288 ಪಿನ್ನಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಕೂರುವುದೇ ಇಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನದೂ ಹಾಗೆಯೇ, ಡಿಡಿಆರ್4ಗೆ 260 ಪಿನ್, ಡಿಡಿಆರ್5ಗೆ 262. ಟೈಮಿಂಗಿಗೆ ಅಂಥ ಕಚ್ಚಿಲ್ಲ, ಮಾರುವವನೇ ನೋಡಿ ಹೇಳಬೇಕು. ತಿರುಗಾ ಮುರುಗಾ ನಡೆಯುವುದೂ ಉಂಟು. ಐ5-10400 ಪ್ರೊಸೆಸರ್ ಇರುವ ಆಫೀಸ್ ಕಂಪ್ಯೂಟರಿಗೆ 3600ರ ದುಬಾರಿ ರ‍್ಯಾಮ್ ಕೊಡುತ್ತಾರೆ. ಎಚ್410 ಬೋರ್ಡಿನಲ್ಲಿ ಅದು 2666ರಲ್ಲೇ ಓಡುತ್ತದೆ, ಹೆಚ್ಚು ಕೊಟ್ಟ ದುಡ್ಡು ಹೋಯಿತು. ಈಚೆಗೆ ಬೆಲೆ ಏರಿದ ಮೇಲಂತೂ ಹೊಸ ಜೋಡಿ ಕೊಳ್ಳಲಾಗದೆ ಇದ್ದದ್ದಕ್ಕೆ ಒಂದನ್ನು ಸೇರಿಸುವವರೇ ಹೆಚ್ಚು. ಲೇಬಲ್ ಓದುವ ಅಗತ್ಯ ಈಗಲೇ ಜಾಸ್ತಿ.

ನಾನಾದರೆ ಹೊರಡುವ ಮುಂಚೆ ಸಿಪಿಯು-ಝಡ್‌ನ ಎಸ್‌ಪಿಡಿ ಪುಟದ ಫೋಟೊ ತೆಗೆದುಕೊಂಡು ಹೋಗು ಅನ್ನುತ್ತೇನೆ. ಸ್ಲಾಟಿಗೊಂದರಂತೆ ಟೈಮಿಂಗ್, ವೋಲ್ಟೇಜ್, ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ತಂಡ) ಎಲ್ಲ ಅಲ್ಲಿರುತ್ತದೆ. ಲಿನಕ್ಸ್‌ನಲ್ಲಾದರೆ ಡಿಎಂಐಡಿಕೋಡ್ ಎಂಬ ಆಜ್ಞೆ ವೇಗ, ವೋಲ್ಟೇಜ್, ಪಾರ್ಟ್ ನಂಬರ್ ಕೊಡುತ್ತದೆ. ಅದೇ ಪಾರ್ಟ್ ನಂಬರಿನದು ಸಿಕ್ಕರೆ ಒಳ್ಳೆಯದು. ಅದರಲ್ಲೂ ಒಳಗಿನ ಚಿಪ್ ಬೇರೆ ಇರಬಹುದು, ಹಾಗಾಗಿ ಜೋಡಿಯಾಗಿ ಪರೀಕ್ಷಿಸಿ ಒಂದೇ ಡಬ್ಬಿಯಲ್ಲಿ ಮಾರುವ ಕಿಟ್‌ನಷ್ಟು ಭರವಸೆ ಬೇರೆ ಯಾವುದಕ್ಕೂ ಇಲ್ಲ. 1ಆರ್x16 (ಒಂದು ರ‍್ಯಾಂಕ್, 16 ಬಿಟ್ ಅಗಲದ ಚಿಪ್ಪುಗಳು) ಎಂದು ಬರೆದ ಡಿಡಿಆರ್4 ಅಗ್ಗಕ್ಕೆ ಸಿಗುತ್ತದೆ. ಚಿಪ್ಪಿನೊಳಗಿನ ವಿಭಾಗಗಳಾದ ಬ್ಯಾಂಕ್ ಗುಂಪುಗಳು ನಾಲ್ಕರ ಬದಲು ಎರಡೇ ಇರುವುದರಿಂದ ತುಸು ನಿಧಾನ, ನಾನು ಬೇಡ ಅನ್ನುತ್ತೇನೆ.

ಬುಧವಾರ ರಾತ್ರಿ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿದಳಂತೆ. ಬೆಳಿಗ್ಗೆ ಫೋಟೊ ಕಳಿಸಿದಳು: ನಾಲ್ಕು ಸುತ್ತು, ತಪ್ಪು ಸೊನ್ನೆ. ವಿಂಡೋಸ್ ಮತ್ತೊಮ್ಮೆ ಹಾಕಿದಳು, ಈ ಸಲ ಹಾಕಲೇಬೇಕಿತ್ತು. ನಿನ್ನೆ ಹೋದಾಗ ಕ್ಯಾಬಿನೆಟ್ಟಿನ ಒಳಬದಿಗೆ ಪೇಪರ್ ಟೇಪಿನ ತುಂಡೊಂದು ಅಂಟಿತ್ತು, ಅವಳದೇ ಡ್ರಾಯಿಂಗ್ ಅಕ್ಷರದಲ್ಲಿ: 3200, 22-22-22-52, 1.35, ಸ್ಲಾಟ್ 2 ಮತ್ತು 4.