ಅರ್ಧ ಇಂಚು ಹೇಳಿದ ಸುಳ್ಳು

ಕಳೆದ ವರ್ಷ ಪೀಣ್ಯದ ನಮ್ಮ ಚಿಕ್ಕ ಕಾರ್ಖಾನೆಗೆ ಅಮೆರಿಕದ್ದೊಂದು ಸೆಕೆಂಡ್ ಹ್ಯಾಂಡ್ ಪ್ಯಾಕಿಂಗ್ ಮೆಷಿನ್ ಬಂತು. ಅದಕ್ಕೆ ಗಾಳಿ ಲೈನ್ ಕೊಟ್ಟು ಚಾಲೂ ಮಾಡುವುದು ನನ್ನ ಪಾಲಿನ ಕೆಲಸ. ಹಿಂಭಾಗದಲ್ಲಿ ಅರ್ಧ ಇಂಚಿನ ನಿಪ್ಪಲ್, ಅಂದರೆ ಹೊರಗಡೆ ಥ್ರೆಡ್ (ತಿರುಪಿನ ಹಲ್ಲು) ಇರುವ ಗಿಡ್ಡ ಪೈಪು, ಚಾಚಿಕೊಂಡಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಎರಡು ಹಿತ್ತಾಳೆ ಬಾಲ್ ವಾಲ್ವ್ ತಂದೆ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ.

ಟೆಫ್ಲಾನ್ ಟೇಪ್ ಸುತ್ತಿ ತಿರುಗಿಸಿದೆ. ನಾಲ್ಕು ಸುತ್ತು ಬೆಣ್ಣೆಯ ಹಾಗೆ ಹೋಗಿ ಗಟ್ಟಿಯಾಗಿ ಕೂತಿತು. 6 ಬಾರ್ ಗಾಳಿ ಬಿಟ್ಟೆ. ಸುಸ್ಸ್ ಅಂತ ಸಣ್ಣ ಸದ್ದು. ಸೋಪಿನ ನೀರು ಹಚ್ಚಿದರೆ ಥ್ರೆಡ್ ಸುತ್ತಲೂ ಬಿಳಿ ನೊರೆ ಉಬ್ಬುತ್ತಿತ್ತು. ಬಿಚ್ಚಿದೆ, ಟೆಫ್ಲಾನ್ ಜಾಸ್ತಿ ಸುತ್ತಿದೆ, ದೊಡ್ಡ ಪೈಪ್ ವ್ರೆಂಚ್ ಹಿಡಿದು ಇನ್ನೂ ಅರ್ಧ ಸುತ್ತು ಎಳೆದೆ. ಮತ್ತೆ ಅದೇ ನೊರೆ. ಹೀಗೆ ಮೂರು ಸಲ. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪ್ರೆಸರ್ ಸುಮ್ನೆ ಸುಮ್ನೆ ಸ್ಟಾರ್ಟ್ ಆಗಿ ನಿಲ್ಲುತ್ತಿತ್ತು, ಮಾಲೀಕರು ಎರಡು ಸಲ ಬಂದು ಇಣುಕಿ ಹೋದರು.

ಬೆಳಗ್ಗೆಯೇ ಒಂದು ಸುಳಿವು ಸಿಕ್ಕಿತ್ತು, ನಾನೇ ಬಿಟ್ಟುಬಿಟ್ಟಿದ್ದೆ. ಮೆಷಿನ್‌ನ ಪ್ರೆಶರ್ ಗೇಜ್ ಒಡೆದಿತ್ತು ಅಂತ ಬಿಚ್ಚಿಟ್ಟು, ನಮ್ಮ ಸ್ಟೋರ್‌ನಲ್ಲಿದ್ದ ಕಾಲು ಇಂಚಿನ ಹೊಸ ಗೇಜ್ ಹಾಕಲು ಹೋಗಿದ್ದೆ. ಅದು ಎರಡು ಸುತ್ತಿಗೇ ಕಚ್ಚಿಕೊಂಡಿತು. ಥ್ರೆಡ್ ಕೆಟ್ಟಿದೆ, ಆಮೇಲೆ ಟ್ಯಾಪ್ ಹಾಕಿ ಹಲ್ಲು ಸರಿ ಮಾಡೋಣ ಅಂದುಕೊಂಡು ಬದಿಗಿಟ್ಟೆ.

ಊಟ ಮುಗಿಸಿ ಬಂದ ನಮ್ಮ ಹಿರಿಯ ಫಿಟ್ಟರ್ ಮೊದಲು ಕೈಗೆತ್ತಿಕೊಂಡಿದ್ದು ಅದೇ ಒಡೆದ ಗೇಜನ್ನು. ಜೇಬಿನಿಂದ ಥ್ರೆಡ್ ಗೇಜ್ ತೆಗೆದರು, ಕತ್ತಿಯ ಅಲಗುಗಳ ಹಾಗೆ ಮಡಚಿಕೊಳ್ಳುವ ಹಲ್ಲಿನ ಪಟ್ಟಿಗಳಿರುತ್ತವಲ್ಲ, ಅದು. ಹಲ್ಲಿನ ಕೋನ 55 ಡಿಗ್ರಿ ಇರುವ ಸೆಟ್ಟಿನಿಂದ 19ರ, ಅಂದರೆ ಇಂಚಿಗೆ 19 ಹಲ್ಲಿನ, ಪಟ್ಟಿ ಇಟ್ಟರು, ಕೂರಲಿಲ್ಲ. 60 ಡಿಗ್ರಿಯ 18 ಇಟ್ಟರು, ಹಲ್ಲಿಗೆ ಹಲ್ಲು ಕೂತಿತು.

"ಏನಪ್ಪಾ, ಇದು ಎನ್‌ಪಿಟಿ, ಅಮೆರಿಕದ ಪೈಪ್ ಥ್ರೆಡ್. ನೀನು ತಂದಿರೋದು ಬಿಎಸ್‌ಪಿ, ನಮ್ಮ ಕಡೆಯದ್ದು."

"ಕಾಲಿಂಚು ಸರಿ ಅಣ್ಣಾ, ಆದ್ರೆ ಅರ್ಧ ಇಂಚು ಚೆನ್ನಾಗೇ ಹತ್ತಿತಲ್ಲ?"

"ಅದಕ್ಕೇ ಅದು ಮೋಸ ಮಾಡಿದ್ದು" ಅಂದು ನಿಪ್ಪಲ್ ಮೇಲೆ 55ರ 14ರ ಪಟ್ಟಿ ಇಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡು ಅಂದರು. ಹಲ್ಲಿನ ಲೆಕ್ಕ ಸರಿಯಾಗಿತ್ತು. ಆದರೆ ಪ್ರತಿ ಹಲ್ಲಿನ ಇಳಿಜಾರಿನಲ್ಲೂ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಗಾಳಿ ಆ ಸಂದಿನಲ್ಲೇ ಸುರುಳಿ ಸುತ್ತಿಕೊಂಡು ಆಚೆ ಬರುತ್ತಿತ್ತು.

ಸಮಾಚಾರ ಇಷ್ಟು. ನಾವು ಬಳಸುವುದು ಬ್ರಿಟಿಷರ ಬಿಎಸ್‌ಪಿ. ಅದರ ಬೇರು 1841ರ ವಿಟ್‌ವರ್ತ್ ಥ್ರೆಡ್, ಹಲ್ಲಿನ ಕೋನ 55 ಡಿಗ್ರಿ, ತುದಿ ದುಂಡಗೆ. ಅಮೆರಿಕದಲ್ಲಿ 1864ರಲ್ಲಿ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ಚಪ್ಪಟೆ ತುದಿಯ ಥ್ರೆಡ್ ಮುಂದಿಟ್ಟರು. ಎನ್‌ಪಿಟಿ ಹಲ್ಲೂ 60 ಡಿಗ್ರಿಯದೇ. ಕಾಲು ಇಂಚಿನಲ್ಲಿ ಒಂದು ಇಂಚು ಉದ್ದಕ್ಕೆ ಬಿಎಸ್‌ಪಿಗೆ 19 ಹಲ್ಲು, ಎನ್‌ಪಿಟಿಗೆ 18. ಒಂದು ಇಂಚಿನ ಸೈಜಿನಲ್ಲಿ 11 ಮತ್ತು ಹನ್ನೊಂದೂವರೆ. ಇವೆಲ್ಲ ಬೇಗ ಕಚ್ಚಿಕೊಂಡು ಎಚ್ಚರಿಸುತ್ತವೆ. ಅರ್ಧ, ಮುಕ್ಕಾಲು ಇಂಚಿನಲ್ಲಿ ಮಾತ್ರ ಎರಡಕ್ಕೂ 14 ಹಲ್ಲು, ಹಾಗಾಗಿ ಒಂದರೊಳಗೆ ಇನ್ನೊಂದು ಆರಾಮಾಗಿ ಹೋಗುತ್ತದೆ. ಅಂದ ಹಾಗೆ ಈ ಅರ್ಧ ಇಂಚಿನಲ್ಲಿ ಅರ್ಧ ಇಂಚು ಅನ್ನುವ ಅಳತೆ ಹುಡುಕಬೇಡಿ. ಥ್ರೆಡ್ಡಿನ ಹೊರ ಅಳತೆ ಬಿಎಸ್‌ಪಿಯಲ್ಲಿ 20.955 ಮಿ.ಮೀ., ಎನ್‌ಪಿಟಿಯಲ್ಲಿ ಸುಮಾರು 21.3. ಹೆಸರು ಬಂದಿದ್ದು ಹಳೇ ಪೈಪಿನ ಒಳರಂಧ್ರದಿಂದ. ವರ್ನಿಯರ್ ಹಿಡಿದ ಹೊಸ ಹುಡುಗರೆಲ್ಲ ಒಂದು ಸಲ ಇಲ್ಲಿ ತಲೆ ಕೆರೆದುಕೊಂಡೇ ಇರುತ್ತಾರೆ.

ನಟ್ಟು ಬೋಲ್ಟಿಗೂ ಅದೇ ಕಥೆ. ಆ ಮೆಷಿನ್‌ನ ಕವರ್ ಬೋಲ್ಟುಗಳು 5/16 ಯುಎನ್‌ಸಿ, ಅಂದರೆ ಅಮೆರಿಕದ ಇಂಚಿನ ಅಳತೆಯವು. ದಪ್ಪ 7.94 ಮಿ.ಮೀ., ನೋಡೋಕೆ ಥೇಟ್ ಎಂ8, ಅಂದರೆ ನಮ್ಮ 8 ಮಿ.ಮೀ. ಬೋಲ್ಟು. ಆದರೆ ಎಂ8ರ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ, 1.25 ಮಿ.ಮೀ., ಇದರದ್ದು 1.41. ನಾನು ಒಂದಕ್ಕೆ ಎಂ8 ಹಾಕಿ ಸ್ಪ್ಯಾನರ್‌ನಲ್ಲಿ ಒತ್ತಿದ್ದೆ ಕೂಡ. ಅದನ್ನು ಅಣ್ಣನಿಗೆ ಹೇಳಲಿಲ್ಲ.

ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಅಡಾಪ್ಟರ್ ಸಿಕ್ಕಿತು, ಒಂದು ಕಡೆ ಎನ್‌ಪಿಟಿ, ಇನ್ನೊಂದು ಕಡೆ ಬಿಎಸ್‌ಪಿ. ಅಂಗೈಯಷ್ಟು ಉದ್ದವೂ ಇರಲಿಲ್ಲ. ಸಂಜೆ ಐದಕ್ಕೆ ಸೋಪಿನ ನೀರು ಹಚ್ಚಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಅಣ್ಣ ಹಳದಿ ಪೇಂಟ್ ಮಾರ್ಕರ್‌ನಲ್ಲಿ ನಿಪ್ಪಲ್ ಪಕ್ಕ ದೊಡ್ಡದಾಗಿ 'ಎನ್‌ಪಿಟಿ' ಅಂತ ಬರೆದರು.

ನಾನು ಎಳೆದೆಳೆದು ಹಾಳು ಮಾಡಿದ ವಾಲ್ವ್ ಗುಜರಿಗೆ ಹೋಯಿತು. ಇನ್ನೊಂದನ್ನು ದುಡ್ಡು ಕೊಟ್ಟು ಮನೆಗೆ ತಂದು ಟೆರೇಸಿನ ಟ್ಯಾಂಕಿಗೆ ಹಾಕಿದೆ. ಅಲ್ಲಿ ಪೈಪು ನಮ್ಮದೇ ಬಿಎಸ್‌ಪಿ ಅಲ್ವಾ, ಇವತ್ತಿನವರೆಗೂ ಒಂದು ಹನಿ ಸೋರಿಲ್ಲ.